ಅದು ಮಾಟವಲ್ಲ, ರಸವಿದ್ಯೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ರಜೆಗೆ ಮಕ್ಕಳು ನೋಡಬಹುದಾದ ಅನಿಮೆಗಳ, ಅಂದರೆ ಜಪಾನಿ ಆನಿಮೇಷನ್‌ಗಳ ಪಟ್ಟಿ ಬಂದಿತ್ತು. ಅದರಲ್ಲಿ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಬಗ್ಗೆ ಬರೆದದ್ದು ಮೂರೇ ಸಾಲು, ತಪ್ಪೂ ಮೂರು. ಅದನ್ನು ಮಾಟಮಂತ್ರದ ಕಥೆ ಎಂದಿದ್ದೀರಿ, 2009ರ ಸರಣಿಯನ್ನು 2003ರದರ ರೀಮೇಕ್ ಎಂದಿದ್ದೀರಿ, ಜೊತೆಗೆ ‘ಎಲ್ಲ ವಯಸ್ಸಿನ ಮಕ್ಕಳಿಗೂ’ ಎಂಬ ಷರಾ ಬೇರೆ.

ಮೊದಲು ಮಾಟದ ಮಾತು. ಹಿರೋಮು ಅರಕಾವ 2001ರಿಂದ 2010ರವರೆಗೆ ಬರೆದ 27 ಸಂಪುಟಗಳ ಮೂಲ ಮಂಗಾದಲ್ಲಿ (ಜಪಾನಿ ಚಿತ್ರಕಥೆ) ಮಂತ್ರ ಹೇಳಿ ಶೂನ್ಯದಿಂದ ವಸ್ತು ತೆಗೆಯುವವರು ಯಾರೂ ಇಲ್ಲ. ಇದು ರಸವಿದ್ಯೆ, ಇಂಗ್ಲಿಷಿನ ಆಲ್ಕೆಮಿ. ನಮ್ಮ ವಚನಗಳಲ್ಲಿ ಬರುವ ಪರುಷದಂಥದ್ದೇ ಒಂದು ಕಲ್ಲನ್ನು ಇಲ್ಲಿ ಎಲ್ಲರೂ ಹುಡುಕುತ್ತಿರುತ್ತಾರೆ. ವಸ್ತು ಏನೆಂದು ಅರಿಯಬೇಕು, ಬಿಡಿಸಬೇಕು, ಮತ್ತೆ ಕಟ್ಟಬೇಕು. ಒಂದು ಕೆ.ಜಿ. ಬೇಕಿದ್ದರೆ ಒಂದು ಕೆ.ಜಿ. ಇಡಬೇಕು. ಇದೇ ಸಮಾನ ವಿನಿಮಯ. ಮಂಡ್ಯದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆಲೆಮನೆಯಲ್ಲಿ ಒಂದು ಟನ್ ಕಬ್ಬು ಅರೆದರೆ ನೂರು ಕೆ.ಜಿ. ಆಸುಪಾಸು ಬೆಲ್ಲ, ಉಳಿದದ್ದು ಸಿಪ್ಪೆಗೆ, ಹಬೆಗೆ, ಮೇಲೆ ಬಂದ ಮಡ್ಡಿಗೆ ಹೋಯಿತು. ಕೊಪ್ಪರಿಗೆ ಮುಂದೆ ನಿಂತು ಈ ಕಥೆಯ ನಾಯಕನಂತೆ ಎಷ್ಟು ಚಪ್ಪಾಳೆ ತಟ್ಟಿದರೂ ಇನ್ನೂರು ಕೆ.ಜಿ. ಆಗದು.

ರಾಯ್ ಮಸ್ಟಾಂಗ್ ಎಂಬ ಅಧಿಕಾರಿ ಚಿಟಿಕೆ ಹೊಡೆದರೆ ಬೆಂಕಿ ಹಾರುತ್ತದಲ್ಲ, ಅದನ್ನೂ ಬಿಡಿಸಿ ನೋಡಿ. ಅವನ ಕೈಗವಸು ಉಜ್ಜಿದರೆ ಕಿಡಿ ಕೊಡುವ ಬಟ್ಟೆಯದು. ಗವಸಿನ ಬೆನ್ನಿಗೆ ಬರೆದ ವೃತ್ತದಿಂದ ಅವನು ಗಾಳಿಯಲ್ಲಿ ಆಮ್ಲಜನಕವನ್ನು ದಟ್ಟ ಮಾಡುತ್ತಾನೆ. ಕಿಡಿ ಆ ದಾರಿ ಹಿಡಿದು ಓಡುತ್ತದೆ. ಮಳೆ ಬಂತೆಂದರೆ ಬಟ್ಟೆ ತೋಯ್ದು ಕಿಡಿಯೇ ಏಳುವುದಿಲ್ಲ, ಕರ್ನಲ್ ಸಾಹೇಬರು ಕೆಲಸಕ್ಕೆ ಬಾರರು. ಸಹೋದ್ಯೋಗಿಗಳು ಅವನನ್ನು ಗೇಲಿ ಮಾಡುವುದೂ ಇದಕ್ಕೇ. ಒದ್ದೆಯಾದರೆ ಕೆಟ್ಟುನಿಲ್ಲುವ ಮಾಟ ಉಂಟೇ?

ಇನ್ನು ಕಥೆಯಲ್ಲಿ ಬರುವ ಆ ಪ್ರಸಿದ್ಧ ಸಾಮಾನು ಪಟ್ಟಿ. ತೀರಿಕೊಂಡ ತಾಯಿಯನ್ನು ಮರಳಿ ತರಲು ಎಡ್ವರ್ಡ್, ಆಲ್ಫಾನ್ಸ್ ಎಂಬ ಅಣ್ಣತಮ್ಮಂದಿರು ಕೂಡಿಟ್ಟ ಸಾಮಾನು: ನೀರು 35 ಲೀಟರ್, ಇಂಗಾಲ 20 ಕೆ.ಜಿ., ಅಮೋನಿಯ 4 ಲೀಟರ್, ಸುಣ್ಣ 1.5 ಕೆ.ಜಿ., ರಂಜಕ 800 ಗ್ರಾಂ, ಉಪ್ಪು 250 ಗ್ರಾಂ, ಪೆಟ್ಲುಪ್ಪು 100 ಗ್ರಾಂ, ಗಂಧಕ 80 ಗ್ರಾಂ, ಫ್ಲೋರಿನ್ 7.5 ಗ್ರಾಂ, ಕಬ್ಬಿಣ 5 ಗ್ರಾಂ, ಸಿಲಿಕಾನ್ 3 ಗ್ರಾಂ, ಚೂರುಪಾರು ಇನ್ನು 15 ಧಾತುಗಳು. ಇಷ್ಟನ್ನೂ ಮಕ್ಕಳ ಕೈಖರ್ಚಿನ ದುಡ್ಡಿನಲ್ಲಿ ಸಂತೆಯಿಂದ ತರಬಹುದು ಎನ್ನುತ್ತಾನೆ ಎಡ್ವರ್ಡ್. 60 ಕೆ.ಜಿ. ತೂಕದ ದೇಹಕ್ಕೆ ಹೋಲಿಸಿದರೆ ನೀರು ಸರಿಯಾಗಿದೆ. 250 ಗ್ರಾಂ ಉಪ್ಪಿನಿಂದ ಸುಮಾರು 98 ಗ್ರಾಂ ಸೋಡಿಯಂ, ಅದೂ ಹೆಚ್ಚುಕಮ್ಮಿ ಸರಿ. ಸುಣ್ಣದಿಂದ ಬರುವ ಕ್ಯಾಲ್ಸಿಯಂ ತುಸು ಜಾಸ್ತಿ. ಇಂಗಾಲ ಮಾತ್ರ ದುಪ್ಪಟ್ಟು ಹತ್ತಿರ, 11 ಕೆ.ಜಿ. ಸಾಕಿತ್ತು. ಗಂಧಕ ಬೇಕಾದದ್ದರ ಅರ್ಧದಷ್ಟೇ. ಪ್ರೌಢಶಾಲೆಯ ರಸಾಯನಶಾಸ್ತ್ರದ ತರಗತಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕೆ?

ಆದರೆ ಪ್ರಯೋಗ ಕೆಟ್ಟದ್ದು ಇಂಗಾಲದಿಂದಲ್ಲ. ದೇಹದ ಬೆಲೆ ಪಟ್ಟಿಯಲ್ಲಿತ್ತು, ಪ್ರಾಣದ ಬೆಲೆ ಇರಲಿಲ್ಲ. ಎಡ್ವರ್ಡ್‌ನ ಎಡಗಾಲು ಹೋಯಿತು, ಆಲ್ಫಾನ್ಸ್‌ನ ಇಡೀ ದೇಹವೇ ಹೋಯಿತು. ತಮ್ಮನ ಜೀವವನ್ನಾದರೂ ಉಳಿಸಿಕೊಳ್ಳಲು ಅಣ್ಣ ಬಲಗೈ ಕೊಟ್ಟು, ಉಕ್ಕಿನ ಕವಚದ ಒಳಗೆ ತನ್ನದೇ ರಕ್ತದಿಂದ ಮುದ್ರೆ ಬರೆದು ಅದನ್ನು ಅಲ್ಲಿ ಕಟ್ಟಿಹಾಕಿದ. ಕವಚಕ್ಕೆ ಏನಾದರೂ ಆಗಲಿ, ಆ ಮುದ್ರೆ ಕೆರೆದುಹೋದರೆ ಮುಗಿಯಿತು.

ಈಗ ರೀಮೇಕ್ ವಿಚಾರ. ಎರಡೂ ಅನಿಮೆ ಮಾಡಿದ್ದು ಬೋನ್ಸ್ ಸ್ಟುಡಿಯೋ, ಗೊಂದಲಕ್ಕೆ ಅದೂ ಒಂದು ಕಾರಣವಿರಬಹುದು. 2003ರ ಅಕ್ಟೋಬರ್‌ನಲ್ಲಿ ಸೆಯ್ಜಿ ಮಿಜುಶಿಮ ನಿರ್ದೇಶನದ 51 ಕಂತುಗಳ ಸರಣಿ ಶುರುವಾದಾಗ ಮಂಗಾ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ. ಕಾಯುವಂತಿರಲಿಲ್ಲ. ಹಾಗಾಗಿ ಆ ಸರಣಿ ಅರಕಾವ ಅವರ ಒಪ್ಪಿಗೆಯಿಂದಲೇ ಮಧ್ಯದಲ್ಲಿ ಕವಲೊಡೆದು ತನ್ನದೇ ಕೊನೆ ಕಂಡುಕೊಂಡಿತು. ಯಾಸುಹಿರೊ ಇರಿಎ ನಿರ್ದೇಶನದ ‘ಬ್ರದರ್‌ಹುಡ್’ 2009ರ ಏಪ್ರಿಲ್‌ನಿಂದ 64 ಕಂತು ಓಡಿತು. ಅದು ಹಿಡಿದದ್ದು ಮಂಗಾದ ಜಾಡನ್ನು. 2010ರ ಜೂನ್‌ನಲ್ಲಿ ಮಂಗಾ ಮುಗಿಯಿತು, ಜುಲೈ 4ಕ್ಕೆ ಅನಿಮೆಯೂ ಮುಗಿಯಿತು. ಹಳೆಯದನ್ನು ತಿದ್ದಿ ಮಾಡಿದ್ದಲ್ಲ, ಮೂಲಕ್ಕೆ ಮತ್ತೆ ಹೋದದ್ದು.

ಕಥೆಯ ಗುಟ್ಟುಗಳನ್ನು ಇಲ್ಲಿ ಬಿಡುವುದು ಬೇಡ, ಒಂದೆರಡು ಗುರುತು ಹೇಳಿದರೆ ಸಾಕು. ಎರಡರಲ್ಲೂ ಕ್ರೈಸ್ತರು ಹೇಳುವ ಏಳು ಮಹಾಪಾಪಗಳ ಹೆಸರು ಹೊತ್ತ ಕೃತಕ ಮನುಷ್ಯರಿದ್ದಾರೆ. 2003ರಲ್ಲಿ ಅವರು ಸತ್ತವರನ್ನು ಎಬ್ಬಿಸಹೋಗಿ ಕೆಟ್ಟ ಪ್ರಯೋಗಗಳಿಂದ ಹುಟ್ಟಿದವರು. ಮಂಗಾದಲ್ಲಿ ಒಬ್ಬನೇ ತನ್ನೊಳಗಿಂದ ತೆಗೆದು ಹೊರಹಾಕಿದವರು. ‘ಸ್ಲಾತ್’ (ಸೋಮಾರಿತನ) ಅಲ್ಲಿ ಹೆಂಗಸು, ಇಲ್ಲಿ ಸುರಂಗ ಅಗೆಯುವ ದೈತ್ಯ. ಅದಕ್ಕಿಂತ ಮುಖ್ಯ, ಲೆಕ್ಕ ಮುಗಿಯುವ ಬಗೆಯೇ ಬೇರೆ. ಸಮಾನ ವಿನಿಮಯ ಎಂಬುದೇ ನಾವು ಸಮಾಧಾನಕ್ಕೆ ಕಟ್ಟಿಕೊಂಡ ಮಾತಲ್ಲವೇ, ಪ್ರಪಂಚ ಹಾಗೆ ತೂಗಿ ಕೊಡುತ್ತದೆಯೇ ಎಂದು 2003ರ ಸರಣಿ ಕೇಳುತ್ತದೆ. ಮಂಗಾ ತಕ್ಕಡಿಯನ್ನು ಕೈಬಿಡುವುದಿಲ್ಲ; ಯಾವುದನ್ನು ತಂದು ತಟ್ಟೆಗೆ ಇಡಬೇಕು ಎಂಬುದರಲ್ಲೇ ಅದರ ಜಾಣತನ. ನನ್ನ ಮಟ್ಟಿಗೆ ಮೊದಲನೆಯದು ಹೆಚ್ಚು ಕಾಡುವಂಥದು, ಎರಡನೆಯದು ಕಟ್ಟುವಿಕೆಯಲ್ಲಿ ಬಿಗಿ.

ನೋಡುವವರು 2003ರದರಿಂದ ಶುರು ಮಾಡುವುದು ಲೇಸು. ‘ಬ್ರದರ್‌ಹುಡ್’ ಆರಂಭದಲ್ಲಿ ಬಲು ಅವಸರ. ಹ್ಯೂಸ್ ಎಂಬ ಪಾತ್ರಕ್ಕೆ ಆ ಗತಿ ಬಂದೊದಗುವುದು ಹಳೆಯದರಲ್ಲಿ 25ನೇ ಕಂತಿನಲ್ಲಿ, ಹೊಸದರಲ್ಲಿ 10ನೇ ಕಂತಿಗೇ. ಅಷ್ಟರಲ್ಲಿ ಆ ಮನುಷ್ಯ ನಮಗೆ ನೆಂಟನಾಗಿರುವುದಿಲ್ಲ. ಯೂಸ್‌ವೆಲ್ ಗಣಿಯ ಕಥೆಯಂತೂ ಹಾರಿಹೋಗಿದೆ. 51 ಕಂತಿಗೆ ಸುಮಾರು 20 ಗಂಟೆ, 64ಕ್ಕೆ 25 ಗಂಟೆ ಬೇಕು. ಅಷ್ಟು ಪುರುಸೊತ್ತಿಲ್ಲದವರು ಮಂಗಾದ ಮೊದಲ ನಾಲ್ಕು ಸಂಪುಟ ಓದಿಕೊಂಡು ‘ಬ್ರದರ್‌ಹುಡ್’ ಹಿಡಿಯಬಹುದು. ಪುಟ ಬಲದಿಂದ ಎಡಕ್ಕೆ ಸಾಗುತ್ತದೆ, ಚೌಕಗಳೂ ಹಾಗೆಯೇ. 2005ರ ಚಲನಚಿತ್ರ 2003ರ ಸರಣಿಯ ಮುಂದುವರಿಕೆ. ‘ಬ್ರದರ್‌ಹುಡ್’ ಮುಗಿಸಿ ಅದನ್ನು ಹಾಕಿಕೊಂಡರೆ ತಲೆಬುಡ ತಿಳಿಯದು.

ವಯಸ್ಸಿನ ಷರಾವನ್ನು ಮಾತ್ರ ದಯವಿಟ್ಟು ತಿದ್ದಿ ಮುದ್ರಿಸಿ. ಇಡೀ ಒಂದು ಜನಾಂಗದ ಕಗ್ಗೊಲೆ ಈ ಕಥೆಯ ಬೆನ್ನೆಲುಬು. ಟಕ್ಕರ್ ಎಂಬ ರಸವಾದಿಯ ಮನೆ, ಅವನ ಪುಟ್ಟ ಮಗಳು ನೀನಾ, ಅವಳ ನಾಯಿ, ಇವು ಬರುವ ಕಂತು ದೊಡ್ಡವರಿಗೂ ನುಂಗಲು ಕಷ್ಟ. ಹಳೆಯದರಲ್ಲಿ ಅದು 7ನೆಯದು, ಹೊಸದರಲ್ಲಿ 4ನೆಯದು. ಮನೆಯಲ್ಲಿ ಎಂಟು ಹತ್ತು ವರ್ಷದವರಿದ್ದರೆ ಅಪ್ಪ ಅಮ್ಮ ಅದೊಂದು ಕಂತನ್ನು ಮೊದಲು ತಾವೇ ನೋಡಿ, ಆಮೇಲೆ ತೀರ್ಮಾನಿಸಲಿ.

— ಒಬ್ಬ ಓದುಗ, ವಿದ್ಯಾನಗರ, ಮಂಡ್ಯ