ಆ ಗಂಟೆ ಮೊದಲು ಬಾರಿಸಿದ್ದು ಪ್ಯಾಸ್ಕಲ್ ಅಲ್ಲ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಮಕ್ಕಳ ಪುಟದ ರಸಪ್ರಶ್ನೆಯಲ್ಲಿ ‘ಲೆಕ್ಕ ಮಾಡುವ ಯಂತ್ರವನ್ನು ಮೊದಲು ಮಾಡಿದವರು ಯಾರು?’ ಅಂತ ಕೇಳಿದ್ದಿರಿ. ಉತ್ತರ ಪುಟದ ಕೆಳಗೆ ತಲೆಕೆಳಗಾಗಿ ಅಚ್ಚಾಗಿತ್ತು: ಪ್ಯಾಸ್ಕಲ್ (ಫ್ರಾನ್ಸಿನ ಗಣಿತಜ್ಞ), 1642. ಆ ಉತ್ತರ ತಲೆಕೆಳಗಾಗಿ ಇದ್ದದ್ದೇ ಸರಿ ಬಿಡಿ. ಇದೇ ಪ್ರಶ್ನೆ ನನ್ನ ಮೊಮ್ಮಗಳ ಶಾಲೆಯಲ್ಲೂ ಬಂದಿತ್ತು. ಅವಳು ಶಿಕ್ಕಾರ್ಡ್ ಅಂತ ಬರೆದಳು, ಒಂದು ಅಂಕ ಹೋಯಿತು. ಹೇಳಿಕೊಟ್ಟವನು ನಾನು. ಈಗ ನಿಮ್ಮ ಪುಟ ಬೇರೆ ತೋರಿಸಿ ‘ಪೇಪರ್‌ನಲ್ಲೇ ಹಾಕಿದಾರಲ್ಲ ಅಜ್ಜ’ ಅಂತಾಳೆ. ಪೇಪರ್‌ನಲ್ಲಿ ಬಂದ ಮೇಲೆ ಅಜ್ಜನ ಮಾತು ಯಾರು ಕೇಳ್ತಾರೆ?

ವಿಲ್ಹೆಲ್ಮ್ ಶಿಕ್ಕಾರ್ಡ್ ಹುಟ್ಟಿದ್ದು 1592ರಲ್ಲಿ, ಜರ್ಮನಿಯ ಹೆರೆನ್‌ಬರ್ಗ್ ಅನ್ನೋ ಚಿಕ್ಕ ಊರಲ್ಲಿ. ಓದಿದ್ದು ಹತ್ತಿರದ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ. ಸ್ವಲ್ಪ ಕಾಲ ಚರ್ಚಿನಲ್ಲಿ ಕೆಲಸ ಮಾಡಿ, 1619ರಲ್ಲಿ ಅದೇ ವಿಶ್ವವಿದ್ಯಾಲಯಕ್ಕೆ ಮೇಷ್ಟ್ರಾಗಿ ಬಂದ. ಯಾವ ವಿಷಯಕ್ಕೆ ಅಂತೀರಿ? ಗಣಿತಕ್ಕಲ್ಲ, ಹೀಬ್ರೂ ಭಾಷೆಗೆ! ಹುಡುಗರಿಗೆ ಹೀಬ್ರೂ ಕ್ರಿಯಾಪದಗಳು ತಲೆಗೆ ಹತ್ತಲಿಲ್ಲ ಅಂತ ಒಂದರ ಮೇಲೊಂದು ತಿರುಗುವ ಎರಡು ಬಿಲ್ಲೆ ಮಾಡಿಕೊಟ್ಟ, ತಿರುಗಿಸಿದರೆ ಬೇಕಾದ ರೂಪ ಕಿಂಡಿಯಲ್ಲಿ ಕಾಣುತ್ತಿತ್ತು. ವ್ಯಾಕರಣಕ್ಕೇ ಚಕ್ರ ಜೋಡಿಸಿದವನು ಲೆಕ್ಕಕ್ಕೆ ಜೋಡಿಸದೆ ಬಿಡ್ತಾನಾ? ಕೈಕೆಲಸದಲ್ಲೂ ಗಟ್ಟಿಗ. ಖಗೋಳ ವಿಜ್ಞಾನಿ ಕೆಪ್ಲರ್ 1617ರಲ್ಲಿ ಆ ಕಡೆ ಬಂದಾಗ ಇಬ್ಬರಿಗೂ ಸ್ನೇಹವಾಯಿತು. ಕೆಪ್ಲರ್ ತನ್ನ ಪುಸ್ತಕಕ್ಕೆ ಚಿತ್ರ ಕೊರೆಸಿಕೊಂಡದ್ದೂ ಇವನ ಕೈಯಲ್ಲೇ.

1623ರ ಸೆಪ್ಟೆಂಬರ್ 20ರಂದು ಶಿಕ್ಕಾರ್ಡ್ ಕೆಪ್ಲರ್‌ಗೆ ಒಂದು ಪತ್ರ ಬರೆದ. ನೀವು ಕೈಯಲ್ಲಿ ಮಾಡುವ ಲೆಕ್ಕವನ್ನು ನಾನು ಯಂತ್ರದಿಂದ ಮಾಡಿಸಿದ್ದೇನೆ ಅಂತ. ಪ್ಯಾಸ್ಕಲ್ ಹುಟ್ಟಿದ್ದು ಅದೇ ವರ್ಷ ಜೂನ್‌ನಲ್ಲಿ. ಅಂದರೆ ಆ ಪತ್ರ ಹೋಗುವಾಗ ನಿಮ್ಮ ‘ಮೊದಲನೆಯವರು’ ಮೂರು ತಿಂಗಳ ಕೂಸು, ತೊಟ್ಟಿಲಲ್ಲಿದ್ದರು!

ನನಗೆ ಈ ಮನುಷ್ಯನ ಮೇಲೆ ಇಷ್ಟು ಪ್ರೀತಿ ಯಾಕೆ ಅಂದರೆ ಒಂದು ಗಂಟೆಯಿಂದ. ನಾನು ಮಂಡಿಪೇಟೆಯ ಒಂದು ಹತ್ತಿ ದಲಾಲಿ ಅಂಗಡಿಯಲ್ಲಿ 30 ವರ್ಷ ಗುಮಾಸ್ತನಾಗಿದ್ದೆ. ಅಲ್ಲೊಂದು ಫ್ಯಾಸಿಟ್ ಅನ್ನೋ ಲೆಕ್ಕದ ಮಿಷನ್ ಇತ್ತು. ಅಂಕಿ ಒತ್ತಿ ಬಲಗಡೆ ಹಿಡಿಕೆಯನ್ನು ಮುಂದಕ್ಕೆ ತಿರುಗಿಸಿದರೆ ಕೂಡುತ್ತಿತ್ತು, ಹಿಂದಕ್ಕೆ ತಿರುಗಿಸಿದರೆ ಕಳೆಯುತ್ತಿತ್ತು. ಇರುವುದಕ್ಕಿಂತ ಜಾಸ್ತಿ ಕಳೆದರೆ ‘ಟಣ್’ ಅಂತ ಒಳಗೊಂದು ಗಂಟೆ ಹೊಡೆಯುತ್ತಿತ್ತು. ಭಾಗಾಕಾರಕ್ಕಂತೂ ಅದೇ ಗುರುತು, ಕಳೆಯುತ್ತಾ ಹೋಗಬೇಕು, ಗಂಟೆ ಹೊಡೆದರೆ ಒಂದು ಸುತ್ತು ವಾಪಸ್ ಬರಬೇಕು. ಆದರೆ ಸಾಹುಕಾರರಿಗೆ ಅದು ಗೊತ್ತಿರಲಿಲ್ಲ. ಗಂಟೆ ಕೇಳಿದಾಗೆಲ್ಲ ಗಲ್ಲಾ ಹತ್ತಿರದಿಂದಲೇ ‘ಏನಪ್ಪಾ, ಮತ್ತೆ ತಪ್ಪಿತಾ?’ ಅನ್ನೋರು.

ಮಗ ಎಂಜಿನಿಯರಿಂಗ್ ಓದುವಾಗ ತಂದ ಪುಸ್ತಕದಲ್ಲಿ ಶಿಕ್ಕಾರ್ಡ್‌ನ ಯಂತ್ರದ ಬಗ್ಗೆ ಓದಿದೆ. ಅದರಲ್ಲೂ ಗಂಟೆ! ಅದು ಆರು ಅಂಕಿಯ ಯಂತ್ರ. ಉತ್ತರ ಆರು ಅಂಕಿ ದಾಟಿದರೆ ಗಂಟೆ ಹೊಡೆಯುತ್ತಿತ್ತು. ಮೇಲುಗಡೆ ಸ್ಕಾಟ್ಲೆಂಡಿನ ಗಣಿತಜ್ಞ ನೇಪಿಯರ್‌ನ ಗುಣಾಕಾರದ ಕೋಷ್ಟಕಗಳನ್ನು ಉರುಳೆಗಳ ಮೇಲೆ ಸುತ್ತಿದ್ದ, ಮಗ್ಗಿ ನೋಡಿಕೊಳ್ಳೋಕೆ. ಕೆಳಗೆ ಕೂಡುವ ಹಲ್ಲುಚಕ್ರಗಳು. ಒಂದು ಚಕ್ರ ಒಂಬತ್ತು ದಾಟಿ ಸೊನ್ನೆಗೆ ಬಂದಾಗ ಪಕ್ಕದ್ದನ್ನು ಒಂದು ಹಲ್ಲು ಮುಂದಕ್ಕೆ ತಳ್ಳುತ್ತಿತ್ತು. ನಾವು ಶಾಲೆಯಲ್ಲಿ ‘ಕೈಲಿ ಒಂದು’ ಅಂತೀವಲ್ಲ, ಅದನ್ನು ಚಕ್ರವೇ ಇಟ್ಟುಕೊಂಡಿತು ಅನ್ನಿ. ದೋಷ ಇರಲಿಲ್ಲ ಅಂತಲ್ಲ. 999999ಕ್ಕೆ ಒಂದು ಕೂಡಿಸಿದರೆ ಆರೂ ಚಕ್ರ ಒಟ್ಟಿಗೆ ತಿರುಗಬೇಕು, ಆಗ ಸಿಕ್ಕಾಪಟ್ಟೆ ಬಿಗಿಯಾಗುತ್ತಿತ್ತು ಅಂತ ತಿಳಿದವರು ಹೇಳ್ತಾರೆ. ಪ್ಯಾಸ್ಕಲ್ ಈ ವಿಷಯದಲ್ಲಿ ಜಾಣ, ಅದಕ್ಕೆ ಬೇರೆ ಉಪಾಯ ಹುಡುಕಿದ. ಅವನ ಯಂತ್ರಗಳು ಕೆಲವು ಇವತ್ತಿಗೂ ಉಳಿದಿವೆ. ಉಳಿದದ್ದಕ್ಕೇ ಹೆಸರೂ ಉಳಿದದ್ದು.

ಶಿಕ್ಕಾರ್ಡ್‌ನದು ಉಳಿಯಲಿಲ್ಲ. ಕೆಪ್ಲರ್‌ಗೆ ಅಂತ ಮಾಡಿಸುತ್ತಿದ್ದ ಇನ್ನೊಂದು ಯಂತ್ರ ಅರ್ಧ ಆಗಿತ್ತು, ರಾತ್ರಿ ಬೆಂಕಿ ಬಿದ್ದು ಸುಟ್ಟುಹೋಯಿತು ಅಂತ 1624ರ ಫೆಬ್ರವರಿಯಲ್ಲಿ ಅವನೇ ಬರೆದಿದ್ದಾನೆ. ಮುಂದೆ ಕೆಪ್ಲರ್‌ನ ಗುರು ಮೆಸ್ಟ್ಲಿನ್ ತೀರಿಕೊಂಡ ಮೇಲೆ 1631ರಲ್ಲಿ ಖಗೋಳದ ಪೀಠವೂ ಇವನಿಗೇ ಬಂತು. ಆಗ ಯೂರೋಪಿನಲ್ಲಿ ಮೂವತ್ತು ವರ್ಷಗಳ ಯುದ್ಧ ನಡೆಯುತ್ತಿತ್ತು. 1634ರ ನರ್ಡ್ಲಿಂಗನ್ ಕಾಳಗದ ನಂತರ ಊರಿಗೆ ಸೈನ್ಯ ಬಂತು, ಸೈನ್ಯದ ಹಿಂದೆ ಪ್ಲೇಗ್ ಬಂತು. ನಮ್ಮಜ್ಜಿ ಹೇಳೋರು, ಪ್ಲೇಗ್ ಬಂದಾಗ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದೆವು ಅಂತ. ಶಿಕ್ಕಾರ್ಡ್ ಮನೆಯಲ್ಲಿ ಹೆಂಡತಿ ಮಕ್ಕಳು ಒಬ್ಬೊಬ್ಬರಾಗಿ ಹೋದರು. 1635ರ ಅಕ್ಟೋಬರ್‌ನಲ್ಲಿ ಅವನೂ ಹೋದ. ಆಗ ವಯಸ್ಸು 43. ಯಂತ್ರದ ಕಥೆ ಹೇಳೋಕೆ ಮನೆಯಲ್ಲಿ ಯಾರೂ ಉಳಿಯಲಿಲ್ಲ.

ಆಮೇಲೆ ಸುಮಾರು 300 ವರ್ಷ ಅದರ ಬಗ್ಗೆ ಹೆಚ್ಚು ಸುದ್ದಿಯೇ ಇಲ್ಲ. ಕೆಪ್ಲರ್‌ನ ಕಾಗದಪತ್ರಗಳನ್ನು ಹುಡುಕುವವರಿಗೆ ಆ ಪತ್ರ, ಯಂತ್ರದ ನಕ್ಷೆ ಸಿಕ್ಕವು. 1957ರಲ್ಲಿ ಫ್ರಾಂಜ್ ಹ್ಯಾಮರ್ ಅನ್ನುವವರು ವಿಷಯವನ್ನು ಸಭೆಯ ಮುಂದಿಟ್ಟರು. ಟ್ಯೂಬಿಂಗನ್‌ನ ತತ್ವಶಾಸ್ತ್ರದ ಪ್ರೊಫೆಸರ್ ಒಬ್ಬರು 1960ರಲ್ಲಿ ಆ ನಕ್ಷೆ ನೋಡಿಕೊಂಡು ಮತ್ತೆ ಯಂತ್ರ ಮಾಡಿಸಿದರು. ಲೆಕ್ಕ ಮಾಡಿತು.

ನಾನು ಕೇಳೋದು ಜಾಸ್ತಿ ಏನಲ್ಲ. ಮುಂದಿನ ಭಾನುವಾರ ಎರಡು ಸಾಲಿನ ತಿದ್ದುಪಡಿ ಹಾಕಿ: ಶಿಕ್ಕಾರ್ಡ್, ಟ್ಯೂಬಿಂಗನ್, 1623. ಮೊಮ್ಮಗಳು ಅದನ್ನು ಕತ್ತರಿಸಿ ಶಾಲೆಗೆ ಒಯ್ಯುತ್ತೇನೆ ಅಂತ ಕಾಯ್ತಿದ್ದಾಳೆ. ಈ ಸಲ ಮಾತ್ರ ನೆಟ್ಟಗೆ ಅಚ್ಚು ಮಾಡಿ.

ಇತಿ,
ನಿಮ್ಮ ಹಳೇ ಓದುಗ, ನಿವೃತ್ತ ಗುಮಾಸ್ತ
ದಾವಣಗೆರೆ