ಕಾರ್ಡ್ ಪ್ಯಾಕೆಟ್ ಒಳಗೆ ಏನಿದೆ ಅಂತ ಹೊರಗೆ ಬರೆಯಲಿ

ಸಂಪಾದಕರೇ,

ಕೊಪ್ಪಳದಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಮಕ್ಕಳ ವಿಡಿಯೊ ಗೇಮ್ ಬಗ್ಗೆ ಪತ್ರಿಕೆಗೆ ಬರೆಯುವವರೆಲ್ಲ ಕಣ್ಣು ಕೆಡುತ್ತದೆ, ಓದು ಕೆಡುತ್ತದೆ ಅಂತ ಬರೆಯುತ್ತಾರೆ. ಅದರ ಬಗ್ಗೆ ನನ್ನ ತಕರಾರಿಲ್ಲ. ನಾನು ಬರೆಯುತ್ತಿರುವುದು ಆ ಆಟಗಳ ಜೊತೆ ಮಾರುವ ಕಾರ್ಡ್‌ಗಳ ಬಗ್ಗೆ. ಇದನ್ನು ಯಾರೂ ಬರೆದದ್ದು ನಾನು ನೋಡಿಲ್ಲ, ಅದಕ್ಕೇ ಕೂತೆ.

ನಮ್ಮ ಅಕ್ಕನ ಮಗನಿಗೆ ಹನ್ನೊಂದು ವರ್ಷ. ಅವನ ಚಿಕ್ಕಪ್ಪ ಬೆಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಗೇಮ್ ಮಷೀನ್ ತಂದುಕೊಟ್ಟಿದ್ದಾರೆ. ಅದರಲ್ಲಿ ಒಂದು ಆಟ. ಊರು ಕಟ್ಟುವುದು, ಮನೆ ಕಟ್ಟುವುದು, ಪ್ರಾಣಿಗಳನ್ನು ನೆರೆಮನೆಗೆ ಕರೆದುಕೊಂಡು ಬರುವುದು. ಒಳ್ಳೆಯ ಆಟ, ಹೊಡೆದಾಟ ಇಲ್ಲ, ನಾನೂ ಅವನ ಜೊತೆ ಆಡಿದ್ದೇನೆ. ಆದರೆ ಕೆಲವು ಪ್ರಾಣಿಗಳು ಮತ್ತು ಅವುಗಳ ಮನೆಯ ಸಾಮಾನು ಸುಮ್ನೆ ಆಡಿದರೆ ಸಿಗುವುದಿಲ್ಲ. ಅದಕ್ಕೆ ಬೇರೆ ಕಾರ್ಡ್ ಬೇಕು. ಕಾರ್ಡ್ ತಂದು ಕಂಟ್ರೋಲರ್ ಮೇಲೆ ಇಟ್ಟರೆ ಒಂದು ಸದ್ದು ಬರುತ್ತದೆ, ಆ ಪ್ರಾಣಿ ಆಟದೊಳಗೆ ಬಂದು ನಿಲ್ಲುತ್ತದೆ. ಆ ಸದ್ದಿಗೆ ಹುಡುಗನ ಮುಖ ಹೇಗೆ ಅರಳುತ್ತದೆ ಅಂತ ನೋಡಿದವರಿಗೇ ಗೊತ್ತು.

ತೊಂದರೆ ಏನೆಂದರೆ, ಪ್ಯಾಕೆಟ್ ಒಳಗೆ ಯಾವ ಕಾರ್ಡ್ ಇದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಅವನಿಗೆ ಬೇಕಾಗಿರುವುದು ಒಂದು ಕುರಿಮರಿ. ಗವಿಮಠದ ಜಾತ್ರೆಯಲ್ಲಿ ಅಜ್ಜ ಕೊಟ್ಟ ರೊಕ್ಕ, ದೀಪಾವಳಿ ರೊಕ್ಕ, ಹುಟ್ಟಿದ ಹಬ್ಬದ ರೊಕ್ಕ, ಎಲ್ಲಾ ಸೇರಿಸಿ ಒಂದು ವರ್ಷದಲ್ಲಿ ಐದು ಪ್ಯಾಕೆಟ್ ತರಿಸಿದ. ಹೊರದೇಶದ ಮಾಲು, ಆನ್‌ಲೈನ್‌ನಲ್ಲಿ ಒಂದಕ್ಕೆ 800 ರೂಪಾಯಿ. ಒಂದರಲ್ಲಿ ಆರು ಕಾರ್ಡ್, ಒಟ್ಟು 30 ಕಾರ್ಡ್. ಅದರಲ್ಲಿ ಎಂಟು ಡಬಲ್. ಕುರಿಮರಿ ಬರಲೇ ಇಲ್ಲ. ಐದನೇ ಪ್ಯಾಕೆಟ್ ನನ್ನ ಅಂಗಡಿಯಲ್ಲೇ ಒಡೆದ. ಕತ್ತರಿ ಬೇಡ ಅಂತ ಹಲ್ಲಿನಿಂದ ಕಚ್ಚಿ ಹರಿದ. ಮೇಲಿನ ಕಾರ್ಡ್ ನೋಡಿ, "ಮಾಮಾ, ಮತ್ತ ಇವಾ ಬಂದಾನ ನೋಡು" ಅಂದ. ಆಮೇಲೆ ಉಳಿದ ಐದನ್ನು ತಿರುಗಿಸಿ ನೋಡಲೂ ಇಲ್ಲ, ಹಾಗೇ ಕೌಂಟರ್ ಮೇಲೆ ಇಟ್ಟು ಹೊರಗೆ ಹೋಗಿ ನಿಂತ.

ಹೈಸ್ಕೂಲಿನಲ್ಲಿ ಗಣಿತ ಹೇಳುವ ನನ್ನ ಗೆಳೆಯ ಚಾರ್ಜರ್ ಡಬ್ಬಿಯ ಹಿಂದೆ ಲೆಕ್ಕ ಹಾಕಿ ತೋರಿಸಿದ. 50 ಬಗೆಯ ಕಾರ್ಡ್ ಇದೆ ಅಂತ ಇಟ್ಟುಕೊಳ್ಳಿ, ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಹಾಕಿದ್ದಾರೆ ಅಂತಲೇ ಇಟ್ಟುಕೊಳ್ಳಿ. ಕಣ್ಣು ಮುಚ್ಚಿ ಒಂದೊಂದೇ ತೆಗೆಯುತ್ತಾ ಹೋದರೆ ಸೆಟ್ ಪೂರ್ತಿ ಆಗಲು ಸರಾಸರಿ 225 ಕಾರ್ಡ್ ಬೇಕು. ಕೊನೆಯ ಒಂದೇ ಒಂದು ಕಾರ್ಡ್‌ಗೇ ಸರಾಸರಿ 50 ಸಲ ತೆಗೆಯಬೇಕು. ಕೆಲವನ್ನು ಬೇಕಂತಲೇ ಕಡಿಮೆ ಹಾಕಿದ್ದರೆ ಇನ್ನೂ ಜಾಸ್ತಿ. ಇದು ಹನ್ನೊಂದು ವರ್ಷದ ಹುಡುಗನಿಗೆ ಗೊತ್ತಿರುವುದಿಲ್ಲ, ಅವನ ತಾಯಿಗೂ ಗೊತ್ತಿರಲಿಲ್ಲ.

ನಾವೂ ಚಿಕ್ಕವರಿದ್ದಾಗ ಬೆಂಕಿಪೊಟ್ಟಣದ ಚಿತ್ರ ಕೂಡಿಸಿದವರು, ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಚಿತ್ರಕ್ಕೆ ಜಗಳ ಆಡಿದವರು. ಆಗಲೂ ಯಾವುದು ಬರುತ್ತದೆ ಅಂತ ಗೊತ್ತಿರಲಿಲ್ಲ ಅಲ್ವಾ ಅಂತ ಕೆಲವರು ಕೇಳಬಹುದು. ನಿಜ. ಆದರೆ ಆಗ ಓಣಿ ತುಂಬ ಹುಡುಗರ ಹತ್ತಿರ ಅದೇ ಚಿತ್ರ ಇರುತ್ತಿತ್ತು. ನನ್ನ ಹತ್ತಿರ ಎರಡು ಬಂದರೆ ಒಂದು ಕೊಟ್ಟು ನಿನ್ನದು ತಗೊಳ್ಳುತ್ತಿದ್ದೆ, ಡಬಲ್ ಬಂದರೂ ನಷ್ಟ ಇರಲಿಲ್ಲ. ಈ ಕಾರ್ಡ್ ವ್ಯಾಪಾರ ನಿಂತಿರುವುದೂ ಹಾಗೆ ಬದಲಿ ಮಾಡಿಕೊಳ್ಳುವುದರ ಮೇಲೇ. ಶಾಲೆ ತುಂಬ ಮಕ್ಕಳು ಒಂದೇ ಕಾರ್ಡ್ ಕೂಡಿಸುವ ಜಪಾನ್, ಅಮೆರಿಕದಂಥ ಕಡೆ ಅದು ನಡೆಯುತ್ತದೆ. ನಮ್ಮ ಹುಡುಗನ ಶಾಲೆಯಲ್ಲಿ ಆ ಮಷೀನ್ ಇರುವುದು ಅವನ ಹತ್ತಿರ ಮಾತ್ರ. ಕೊಪ್ಪಳದಲ್ಲಿ ಒಬ್ಬನೇ ಕೂತು ಕೂಡಿಸುವ ಹುಡುಗನಿಗೆ ಡಬಲ್ ಕಾರ್ಡ್ ಅಂದರೆ ಬರೀ ರಟ್ಟು.

ಈ ಕಾರ್ಡ್ ಒಳಗೆ ಏನಿದೆ ಅಂತಲೂ ಹೇಳಬೇಕು. ಡಬಲ್ ಬಂದದ್ದರಲ್ಲಿ ಒಂದರ ಮೂಲೆ ಕಿತ್ತಿತ್ತು. ಅವನನ್ನು ಕೇಳಿಯೇ ಅದನ್ನು ಬ್ಲೇಡಿನಿಂದ ಎರಡು ಪದರ ಮಾಡಿ ಬಿಚ್ಚಿದೆ. ಒಳಗೆ ಕೂದಲೆಳೆಯಂಥ ಲೋಹದ ಗೆರೆ ಸುತ್ತು ಸುತ್ತಾಗಿ ಹೋಗಿದೆ, ಅದರ ತುದಿಗೆ ಸಾಸಿವೆ ಕಾಳಿಗಿಂತ ಚಿಕ್ಕ ಚಿಪ್. ಬ್ಯಾಟರಿ ಇಲ್ಲ. ಹತ್ತಿರ ಹಿಡಿದಾಗ ಮಷೀನಿನಿಂದಲೇ ಅದಕ್ಕೆ ಕರೆಂಟ್ ಸಿಗುತ್ತದೆ. ಎನ್‌ಎಫ್‌ಸಿ ಅಂತಾರಲ್ಲ, ಅದೇ. ನಾವು ಮೊಬೈಲ್ ತಾಗಿಸಿ ದುಡ್ಡು ಕಟ್ಟುವುದೂ ಅದರಿಂದಲೇ. ಇಂಥ ಚಿಪ್‌ನಲ್ಲಿ ಹಿಡಿಸುವುದು ಕೆಲವು ನೂರು ಬೈಟ್ ಮಾತ್ರ, ಅಂದರೆ ಈ ಪತ್ರದ ಒಂದು ಪ್ಯಾರಾ ಕೂಡ ಹಿಡಿಸುವುದಿಲ್ಲ. ಹಾಗಾದರೆ ಕುರಿಮರಿ ಎಲ್ಲಿದೆ? ಅದು ಆಟದೊಳಗೇ ಇದೆ! ನಾವು ದುಡ್ಡು ಕೊಟ್ಟು ತಂದ ಆಟದೊಳಗೆ. ಕಾರ್ಡ್ ಬರೀ ಬೀಗದ ಕೈ. ಮನೆ ಮಾರಿದ ಮೇಲೆ ಒಂದು ಕೋಣೆಗೆ ಬೀಗ ಹಾಕಿ, ಅದರ ಬೀಗದ ಕೈಯನ್ನು ಚೀಟಿ ಎತ್ತಿ ಗೆದ್ದವರಿಗೆ ಮಾತ್ರ ಕೊಡುತ್ತೇವೆ ಅಂದ ಹಾಗೆ ಇದು.

ಮೊದಲು ಹೀಗಿರಲಿಲ್ಲ. 1991ರಲ್ಲಿ ಜಪಾನಿನ ಎಪೋಕ್ ಕಂಪನಿ ಬಾರ್‌ಕೋಡ್ ಬ್ಯಾಟ್ಲರ್ ಅನ್ನುವ ಆಟಿಕೆ ಮಾಡಿತ್ತು. ಅದಕ್ಕೂ ಕಾರ್ಡ್ ಇದ್ದವು. ಆದರೆ ಅಂಗಡಿಯ ಯಾವುದೇ ಸಾಮಾನಿನ ಬಾರ್‌ಕೋಡ್ ಉಜ್ಜಿದರೂ ಅದರಿಂದ ಒಬ್ಬ ವೀರನೋ ಶತ್ರುವೋ ಹುಟ್ಟುತ್ತಿದ್ದ. ಅಡುಗೆಮನೆಯ ಡಬ್ಬಿಗಳೆಲ್ಲ ಆಟದ ಸಾಮಾನು. ಎಷ್ಟು ಚೆಂದದ ಯೋಚನೆ! ಆಮೇಲೆ ಜಪಾನಿನದೇ ಗೇಮ್ ಕಂಪನಿ ನಿಂಟೆಂಡೊ 2001ರಲ್ಲಿ ಜಪಾನಿನಲ್ಲಿ, 2002ರಲ್ಲಿ ಅಮೆರಿಕದಲ್ಲಿ ಇ-ರೀಡರ್ ಅಂತ ತಂದಿತು. ಕಾರ್ಡಿನ ಅಂಚಿನಲ್ಲಿ ಸಣ್ಣ ಸಣ್ಣ ಚುಕ್ಕೆಗಳ ಪಟ್ಟಿ, ಅದನ್ನು ಗೇಮ್ ಬಾಯ್ ಅಡ್ವಾನ್ಸ್ ಅನ್ನುವ, ಕೈಯಲ್ಲಿ ಹಿಡಿದು ಆಡುವ ಮಷೀನಿಗೆ ಸಿಕ್ಕಿಸಿದ ಯಂತ್ರದಲ್ಲಿ ಉಜ್ಜಬೇಕು. ಒಂದು ಉದ್ದ ಪಟ್ಟಿಯಲ್ಲಿ ಸುಮಾರು 2.2 ಕಿಲೋಬೈಟ್. ಅಷ್ಟರಲ್ಲೇ ಮಾರಿಯೊ ಆಟದ ಒಂದು ಹೊಸ ಹಂತವನ್ನು ಹಿಡಿಸಿದ್ದರು. ಅಂದರೆ ಆ ಹಂತ ನಿಜವಾಗಿಯೂ ಕಾಗದದ ಮೇಲೇ ಇತ್ತು, ದುಡ್ಡು ಕೊಟ್ಟವನ ಕೈಗೆ ಒಂದು ವಸ್ತು ಸಿಗುತ್ತಿತ್ತು. ಆ ಕಾರ್ಡ್ ಮಾಡಿದವರ ಕೈಚಳಕಕ್ಕೆ ನಾನು ಈಗಲೂ ತಲೆಬಾಗುತ್ತೇನೆ.

ಆದರೆ ಅಲ್ಲೂ ನೋಡಿ. ಸೂಪರ್ ಮಾರಿಯೊ ಅಡ್ವಾನ್ಸ್ 4 ಆಟಕ್ಕೆ ಆ ಹಂತಗಳನ್ನು ಹಾಕಿಕೊಳ್ಳಲು ಎರಡು ಗೇಮ್ ಬಾಯ್ ಮತ್ತು ಒಂದು ಲಿಂಕ್ ಕೇಬಲ್ ಬೇಕಿತ್ತು. ಎಷ್ಟು ಮನೆಯಲ್ಲಿ ಇರುತ್ತದೆ? ಕೆಲವು ಕಾರ್ಡ್ ಜಪಾನ್ ಬಿಟ್ಟು ಹೊರಗೆ ಬರಲೇ ಇಲ್ಲ. ಅಮೆರಿಕದಲ್ಲಿ ಆ ಯಂತ್ರವನ್ನೇ 2004ರಲ್ಲಿ ನಿಲ್ಲಿಸಿದರು. ಕೊನೆಗೆ 2016ರ ಹೊತ್ತಿಗೆ ಅದೇ ಆಟ ನಿಂಟೆಂಡೊದ ವೀ ಯು ಮಷೀನಿಗೆ ಬಂದಾಗ, ಮತ್ತೆ 2023ರಲ್ಲಿ ಅವರದೇ ಸ್ವಿಚ್ ಮಷೀನಿನ ಚಂದಾ ಸೇವೆಗೆ ಬಂದಾಗ, ಎಲ್ಲಾ 38 ಹಂತಗಳನ್ನೂ ಕಾರ್ಡ್ ಇಲ್ಲದೇ ಕೊಟ್ಟರು. ಅಂದರೆ ಕೊಡಲು ಬರುತ್ತದೆ! ಕೊಟ್ಟರೆ ಯಾರ ವ್ಯಾಪಾರವೂ ಮುಳುಗುವುದಿಲ್ಲ. ಹಾಗೆ ಕೊಡಲು ಹತ್ತು ವರ್ಷಕ್ಕಿಂತ ಜಾಸ್ತಿ ಯಾಕೆ ಬೇಕು? ಆಡಲು ಕಾದಿದ್ದ ಹುಡುಗನಿಗೆ ಅಷ್ಟರಲ್ಲಿ ಮದುವೆ ವಯಸ್ಸು ಬಂದಿರುತ್ತದೆ.

ಬಿಡಿ ಕಾರ್ಡ್ ತಗೊಳ್ಳಬಹುದಲ್ಲ ಅಂದರೆ, ಅದನ್ನೂ ಮಾಡಿ ನೋಡಿದೆವು. ಆನ್‌ಲೈನ್‌ನಲ್ಲಿ ಯಾರೋ ಒಬ್ಬರು ಕುರಿಮರಿ ಕಾರ್ಡ್ ಒಂದನ್ನೇ ಮಾರುತ್ತಿದ್ದರು, ಅಕ್ಕ ತರಿಸಿದಳು. ಚಿತ್ರ ಚೆನ್ನಾಗಿತ್ತು. ಕಂಟ್ರೋಲರ್ ಮೇಲೆ ಇಟ್ಟರೆ ಸದ್ದೇ ಇಲ್ಲ. ನನ್ನ ಮೊಬೈಲಿಗೆ ತಾಗಿಸಿದೆ, ಅದರಲ್ಲೂ ಏನೂ ಬರಲಿಲ್ಲ. ಬೆಳಕಿಗೆ ಹಿಡಿದು ನೋಡಿದೆ, ಆಮೇಲೆ ಬಿಚ್ಚಿಯೂ ನೋಡಿದೆ. ಒಳಗೆ ಚಿಪ್ಪೇ ಇಲ್ಲ, ಬರೀ ಪ್ರಿಂಟ್ ಹಾಕಿದ ರಟ್ಟು. ಮಾರಿದವರು ವಾಪಸ್ ತಗೊಳ್ಳುವುದಿಲ್ಲ ಅಂತ ಒಂದೇ ಸಾಲಿನ ಉತ್ತರ ಕಳಿಸಿದರು. 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟಿದ್ದೇವೆ. ಆ ನಂಬರ್ ಬಹಳ ಜನಕ್ಕೆ ಗೊತ್ತಿಲ್ಲ, ಬರೆದಿಟ್ಟುಕೊಳ್ಳಿ.

ನಾನು ಕೇಳುವುದು ಜಾಸ್ತಿ ಏನಲ್ಲ. ನಮ್ಮಲ್ಲಿ ಒಂದು ಬಿಸ್ಕಿಟ್ ಪ್ಯಾಕೆಟ್ ಮಾರಬೇಕಾದರೂ ಒಳಗೆ ಏನಿದೆ, ಎಷ್ಟು ತೂಕ, ಎಷ್ಟು ಬೆಲೆ ಅಂತ ಮೇಲೆ ಬರೆಯಬೇಕು, ಪೊಟ್ಟಣ ಕಟ್ಟಿದ ಸರಕುಗಳಿಗೆ 2011ರ ನಿಯಮಗಳೇ ಇವೆ. ಹಾಗೇ ಕಾರ್ಡ್ ಪ್ಯಾಕೆಟ್ ಮೇಲೂ ಒಟ್ಟು ಎಷ್ಟು ಬಗೆ ಇವೆ, ಯಾವುದು ಎಷ್ಟಕ್ಕೊಂದು ಬರುತ್ತದೆ, ಯಾವ ಮಷೀನಿನಲ್ಲಿ ನಡೆಯುತ್ತದೆ ಅಂತ ಬರೆಯಲಿ. ಆಟದ ಡಬ್ಬಿಯ ಮೇಲೂ ಬರೆಯಲಿ, ಇದರಲ್ಲಿ ಇಂತಿಷ್ಟು ಭಾಗ ಕಾರ್ಡ್ ಇಲ್ಲದೇ ತೆರೆಯುವುದಿಲ್ಲ ಅಂತ. ಓದಿ, ಒಪ್ಪಿ, ತಗೊಳ್ಳುವವರು ತಗೊಳ್ಳಲಿ. ಒಂದೆರಡು ವರ್ಷ ಕಾರ್ಡ್ ಮಾರಿಕೊಂಡ ಮೇಲೆ ಆ ಬೀಗವನ್ನು ಎಲ್ಲರಿಗೂ ತೆಗೆದುಬಿಡಲಿ. ಗ್ರಾಹಕ ಇಲಾಖೆಯವರು ಮನಸ್ಸು ಮಾಡಿದರೆ ಬರೆಸುವುದೇನೂ ದೊಡ್ಡ ಕೆಲಸ ಅಲ್ಲ.

ತಂದೆತಾಯಿಗಳಿಗೂ ಒಂದು ಮಾತು. ಮಗು ಕಾರ್ಡ್ ಕೇಳಿದರೆ ಬೈಯಬೇಡಿ, ಅದು ಕೇಳುತ್ತಿರುವುದು ತನ್ನ ಆಟದ ಒಂದು ಭಾಗವನ್ನು. ಹಾಗಂತ ಪ್ಯಾಕೆಟ್ ಮೇಲೆ ಪ್ಯಾಕೆಟ್ ತರಿಸಲೂ ಬೇಡಿ. ನನ್ನ ಗೆಳೆಯ ಹಾಕಿದ ಲೆಕ್ಕವನ್ನು ಮಗುವಿನ ಜೊತೆ ಕೂತು ನೀವೂ ಹಾಕಿ. ನಮ್ಮ ಹುಡುಗ ಆ ಲೆಕ್ಕವನ್ನು ಎರಡು ಸಲ ಕೇಳಿದ, ಆಮೇಲೆ ಆರನೇ ಪ್ಯಾಕೆಟ್ ಬೇಡ ಅಂತ ತಾನೇ ಹೇಳಿದ.

ಬಿಚ್ಚಿದ್ದೊಂದು ಬಿಟ್ಟು ಉಳಿದ ಏಳು ಡಬಲ್ ಕಾರ್ಡ್‌ಗಳನ್ನು ನನ್ನ ಅಂಗಡಿಯ ಕೌಂಟರ್ ಗಾಜಿನ ಕೆಳಗೆ ಸಾಲಾಗಿ ಇಟ್ಟಿದ್ದಾನೆ. ಕೊಪ್ಪಳ, ಗಂಗಾವತಿ, ಬಳ್ಳಾರಿ ಕಡೆ ಯಾವುದಾದರೂ ಮಗುವಿನ ಹತ್ತಿರ ಇಂಥ ಕಾರ್ಡ್ ಇದ್ದರೆ ಭಾನುವಾರ ಸಂಜೆ ಕರೆದುಕೊಂಡು ಬನ್ನಿ, ಬದಲಿ ಮಾಡಿಕೊಳ್ಳಲಿ. ಬಸ್ ನಿಲ್ದಾಣದ ಹತ್ತಿರ ಕಾರ್ಡ್ ಇಟ್ಟಿರುವ ಮೊಬೈಲ್ ರಿಪೇರಿ ಅಂಗಡಿ ಯಾವುದು ಅಂತ ಕೇಳಿದರೆ ತೋರಿಸುತ್ತಾರೆ. ಕುರಿಮರಿ ಇದ್ದವರು ಬಂದರೆ ಏಳನ್ನೂ ಕೊಡುತ್ತಾನಂತೆ.

ಇಂತಿ,
ಒಬ್ಬ ಓದುಗ, ಕೊಪ್ಪಳ