ತೊಗರಿ ನೆಟೆ ರೋಗ: ಎಲ್ಲರೂ ಓದಿ

ಬಾಡಿದ ತೊಗರಿಯ ಫೋಟೋಗಳೇ ಗುಂಪಿನಲ್ಲಿ ಜಾಸ್ತಿ ಬರುತ್ತಿವೆ, ಅದಕ್ಕೇ ಬರೆಯುತ್ತಿದ್ದೇನೆ. ನೆಲದಲ್ಲಿ ತೇವ ಇದ್ದೂ ಹೂ ಬಿಡುವ ಹೊತ್ತಿಗೆ ಗಿಡ ಸೊರಗಿದರೆ ನೆಟೆ ರೋಗ ಇರಬಹುದು. ಇದಕ್ಕೆ ಕಾರಣವಾದ ಫ್ಯುಸೇರಿಯಂ ಉಡಮ್ ಅನ್ನುವ ಶಿಲೀಂಧ್ರ ಹಳೇ ಕೂಳೆಯಲ್ಲಿ 3 ವರ್ಷದವರೆಗೂ ಬದುಕಿರುತ್ತದೆ, ಎಳೆ ಬೇರಿನಿಂದಲೋ ಬೇರಿನ ಗಾಯದಿಂದಲೋ ಒಳಗೆ ನುಗ್ಗಿ, ನೀರು ಸಾಗುವ ನಾಳದಲ್ಲೇ ಬೆಳೆದು ನೀರಿನ ದಾರಿ ಮುಚ್ಚಿಬಿಡುತ್ತದೆ. ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿ ಇದೆಯಾ? ಕಾಂಡ ಸೀಳಿ ನೋಡಿ, ಒಳಗೆ ಕಪ್ಪು ಗೆರೆ ಕಂಡರೆ ಅದೇ. ಎಲೆಗೆ ಔಷಧಿ ಹೊಡೆದು ಸುಮ್ನೆ ದುಡ್ಡು ಕಳೆಯಬೇಡಿ, ರೋಗ ಇರುವುದು ಬೇರಿನಲ್ಲಿ ಅಲ್ವಾ! ಬೇರು ಸಮೇತ ಕಿತ್ತು ಸುಡಿ. ಮುಂದಿನ ಸಲ ಆ ಹೊಲಕ್ಕೆ ಜೋಳ ಹಾಕಿ. ತೊಗರಿಯೇ ಬೇಕೆಂದರೆ ನೆಟೆ ತಡೆದುಕೊಳ್ಳುವ ಟಿಎಸ್-3ಆರ್‌ನಂಥ ತಳಿ ಹಾಕಿ, ಬೀಜಕ್ಕೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಒಳ್ಳೇ ಶಿಲೀಂಧ್ರ) ಹಚ್ಚಿ. ಇನ್ನು ಮೇಲೆ ಸೀಳಿದ ಕಾಂಡದ ಫೋಟೋನೂ ಹಾಕಿ.